ಒಂಟಿ ಗಾಲಿಯ ಹಿಂದೆ ಓಡಿದವನು

ಒಂದೇ ಒಂದು ಸಲ ಕೂಗಿದ್ದರೆ ಸಾಕಿತ್ತಲ್ಲ...

‘ಪ್ರಣಿತಾ’ ಎಂದು ಪೂರ್ತಿ ಹೆಸರು ಹಿಡಿದು ಕರೆಯುವುದೂ ಬೇಕಿರಲಿಲ್ಲ. ‘ಹೋಯ್’ ಅಂದಿದ್ದರೂ ನಿಲ್ಲುತ್ತಿದ್ದೆ. ಮರಳಿನಲ್ಲಿ ನೀರು ಕೊರೆದ ಆ ಕೊರೆತ ಅವನಿಗೆ ಕಾಣಲೇ ಇಲ್ಲವೇ? ಕಂಡಿತ್ತು ಅಂತ ಅವನೇ ಒಪ್ಪಿಕೊಂಡನಲ್ಲ! ಹಾಗಾದರೆ ಯಾಕೆ ಸುಮ್ಮನಿದ್ದ? ವಿಡಿಯೋ ಚೆನ್ನಾಗಿ ಬರುತ್ತಿದೆ ಅಂತಲೇ?

ಛೆ, ಸೋಮ ಅಂಥವನಲ್ಲ.

ಅಂಥವನಲ್ಲ ಅನ್ನಲು ಅವನ ಬಗ್ಗೆ ನನಗೆ ಗೊತ್ತಿರುವುದಾದರೂ ಎಷ್ಟು...

ಕುಮಟಾದ ತನ್ನ ಮನೆಯಲ್ಲಿ, ಪ್ಲಾಸ್ಟರ್ ಹಾಕಿದ ಬಲಗಾಲನ್ನು ಎರಡು ದಿಂಬಿನ ಮೇಲಿಟ್ಟು ಮಲಗಿದ್ದ ಪ್ರಣಿತಾ ಮೊಬೈಲಿನಲ್ಲಿ ಆ ವಿಡಿಯೋವನ್ನು ಮತ್ತೆ ಒತ್ತಿದಳು. ಹತ್ತೊಂಬತ್ತು ಸೆಕೆಂಡು. ಧಾರೇಶ್ವರದ ಸಮುದ್ರದಂಡೆ, ಬೆಳಗಿನ ಎಳೆ ಬಿಸಿಲು. ಹಳದಿ ಕುರ್ತಾ ತೊಟ್ಟ ಒಬ್ಬಳು ಹುಡುಗಿ ಒಂದೇ ಗಾಲಿಯ ಮೇಲೆ ನಿಂತು ಹಕ್ಕಿಯಂತೆ ದೂರ ಹೋಗುತ್ತಾಳೆ. ಮರುಕ್ಷಣ ನೆಲವೇ ಬಾಯಿ ತೆರೆದಂತೆ ಮುಗ್ಗರಿಸಿ ಬೀಳುತ್ತಾಳೆ. ಅಷ್ಟೇ.

ಕೇಳುವುದು ಅಲೆಯ ಸದ್ದು ಮಾತ್ರ. ಕ್ಯಾಮೆರಾ ಹಿಡಿದವನ ದನಿ ಎಲ್ಲೂ ಇಲ್ಲ.

ನಾಲ್ಕು ಲಕ್ಷ ಜನ ಅದನ್ನು ನೋಡಿದ್ದರು. ಕೆಳಗೆ ಸಾಲುಸಾಲು ಮಾತುಗಳು. ‘ಕ್ಯಾಮೆರಾಮ್ಯಾನ್‌ಗೆ ಒಂದು ಪ್ರಶಸ್ತಿ ಕೊಡಿ, ಹುಡುಗಿ ಬಿದ್ದರೂ ಕೈ ನಡುಗಲಿಲ್ಲ!’ ‘ಅವನಿಗೆ ಗೊತ್ತಿತ್ತು ಕಣ್ರೀ, ಬೀಳಲಿ ಅಂತಲೇ ಕಾಯ್ತಿದ್ದ.’

ಬೀಳಲಿ ಅಂತಲೇ ಕಾಯ್ತಿದ್ದ...

ಕಾಲಿಗಿಂತ ಹೆಚ್ಚು ನೋಯುತ್ತಿದ್ದದ್ದು ಆ ಒಂದು ಸಾಲು.

* * *

ಆ ಗಾಲಿ ಅವಳದ್ದೇನೂ ಆಗಿರಲಿಲ್ಲ. ತಮ್ಮ ಗುರುದತ್ತ ಭಟ್ಕಳದಲ್ಲಿ ಹೊರದೇಶದ ಸಾಮಾನು ಮಾರುವ ಅಂಗಡಿಯೊಂದರಿಂದ ಆಸೆಪಟ್ಟು ತಂದದ್ದು. ಹಿಡಿಯಲು ಹ್ಯಾಂಡಲ್ ಇಲ್ಲ, ಕೂರಲು ಸೀಟಿಲ್ಲ. ನಡುವೆ ಒಂದು ಗಾಲಿ, ಎರಡು ಬದಿಗೆ ಕಾಲಿಡಲು ಹಲಗೆ, ಹೊಟ್ಟೆಯಲ್ಲಿ ಬ್ಯಾಟರಿ. ಮುಂದೆ ಬಾಗಿದರೆ ಓಡುತ್ತದೆ, ಹಿಂದೆ ಬಾಗಿದರೆ ನಿಲ್ಲುತ್ತದೆ. ಗುರುದತ್ತ ಎರಡು ಸಲ ಬಿದ್ದು, ಮೊಣಕೈ ಒಡೆದುಕೊಂಡು, ಅದನ್ನು ಮಂಚದ ಕೆಳಗೆ ತಳ್ಳಿದ್ದ.

ಪ್ರಣಿತಾ ಅದನ್ನು ಹೊರಗೆಳೆದದ್ದು ಅವಳ ನಿಶ್ಚಿತಾರ್ಥ ಮುರಿದ ಎರಡು ತಿಂಗಳ ಮೇಲೆ.

ಅವಳು ಕೆಲಸ ಮಾಡುತ್ತಿದ್ದದ್ದು ಪೇಟೆಯ ಒಂದು ಕನ್ನಡಕದ ಅಂಗಡಿಯಲ್ಲಿ. ದಿನವೂ ಹತ್ತಾರು ಜನ ಬಂದು ಕಣ್ಣು ಪರೀಕ್ಷೆಗೆ ಕೂರುತ್ತಿದ್ದರು. ಗೋಡೆಯ ಅಕ್ಷರ ಓದುವ ಮೊದಲು ಅವಳ ಮುಖ ಓದುತ್ತಿದ್ದರು. ‘ಪಾಪ, ಗಂಡಿನ ಕಡೆಯವರು ಬೇಡ ಅಂದರಂತೆ’ ಎಂಬ ನೋಟ! ಊರಿಗೆ ಊರೇ ತನ್ನನ್ನು ನೋಡುವುದಾದರೆ ಬೇರೆ ಯಾವುದಕ್ಕಾದರೂ ನೋಡಲಿ ಎನಿಸಿತ್ತು ಅವಳಿಗೆ. ಬಿದ್ದರೂ ಸರಿ, ಕನಿಕರಕ್ಕಲ್ಲದೆ ಬೇರೆ ಯಾವುದಕ್ಕಾದರೂ...

‘ಅಕ್ಕ, ನೀ ಕಲಿ, ನಾನು ವಿಡಿಯೋ ಹಾಕ್ತೆ’ ಎಂದು ಕುಣಿದ ಗುರುದತ್ತ ‘ಒಂಟಿ ಗಾಲಿ’ ಎಂದು ಚಾನೆಲ್‌ಗೆ ಹೆಸರನ್ನೂ ಇಟ್ಟ.

ನೀರು ಇಳಿದ ಮೇಲೆ ಧಾರೇಶ್ವರದ ದಂಡೆಯ ಒದ್ದೆ ಮರಳು ಗಚ್ಚಿನ ಹಾಗೆ ಗಟ್ಟಿಯಾಗುತ್ತದೆ. ಮೊದಲ ದಿನ ಅಲ್ಲಿ ಗಾಲಿ ಹತ್ತಿ ಮೂರು ಮಾರು ಹೋಗುವಷ್ಟರಲ್ಲಿ ಪ್ರಣಿತಾ ಒಂದು ಕಡೆ, ಗಾಲಿ ಒಂದು ಕಡೆ. ಸವಾರಳನ್ನು ಕಳೆದುಕೊಂಡ ಗಾಲಿ ಗಿರಗಿರ ತಿರುಗುತ್ತ ಹೋಗಿ, ಅಲ್ಲಿ ಕೂತು ಬಲೆ ಹೊಲಿಯುತ್ತಿದ್ದ ಇಬ್ಬರ ನಡುವೆ ನುಗ್ಗಿ, ಬಲೆಯನ್ನು ಮೈತುಂಬ ಸುತ್ತಿಕೊಂಡು ಕಿಂಯ್ ಎಂದು ಅರಚತೊಡಗಿತು.

“ಏ ಮಾರಾಯ್ತಿ! ಮೀನು ದಂಡೆಗೇ ಬಂದು ಬಲೆಗೆ ಬೀಳೂದು ಇದೇ ಮೊದಲು ಕಂಡೆ ನಾನು” ಎಂದು ನಕ್ಕ ಅವರಲ್ಲಿ ಹಿರಿಯವನಾದ ಮಾಬ್ಲ. “ಎಂತ ಮೀನು ಇದು? ಕೂಗ್ತದೆ ಬೇರೆ!”

ಇನ್ನೊಬ್ಬ ನಗಲಿಲ್ಲ. ಮಾಬ್ಲನ ತಂಗಿಯ ಮಗ, ಮೂವತ್ತರ ಸೋಮ. ಸೊಂಟದ ಚೂರಿ ತೆಗೆದು, ಗಾಲಿಯ ಒಂದು ತಂತಿಗೂ ಏಟು ತಾಗದಂತೆ, ತನ್ನ ಬಲೆಯನ್ನೇ ನಾಲ್ಕು ಕಡೆ ಕತ್ತರಿಸಿದ. ಗಾಲಿಯನ್ನು ಎತ್ತಿ ಒರೆಸಿ ಅವಳ ಮುಂದೆ ನಿಲ್ಲಿಸಿದ.

“ಅಯ್ಯೋ... ಬಲೆ ಕತ್ತರಿಸಿಬಿಟ್ರಲ್ಲ!”

“ಬಲೆ ಹೊಲೂಕೆ ನಂಗೆ ಬತ್ತದೆ. ಇದನ್ನ ಹೊಲೂಕೆ ಬರೂದಿಲ್ಲ.”

ಅಷ್ಟು ಹೇಳಿ ಅವನು ತಲೆಯೆತ್ತಿದ. ಒಂದು ಗಳಿಗೆ, ಒಂದೇ ಒಂದು ಗಳಿಗೆ, ಅವನ ಕಣ್ಣು ಅವಳ ಮುಖದ ಮೇಲೆ ನಿಂತಿತು. ಆ ಕಣ್ಣಿನಲ್ಲಿ ‘ಪಾಪ’ ಇರಲಿಲ್ಲ!

ಮೂರನೆಯ ದಿನ, ಅವಳು ಏಳನೇ ಸಲ ಬಿದ್ದೇಳುತ್ತಿದ್ದಾಗ, ಅವನು ತಾನಾಗಿ ಎದ್ದು ಬಂದ.

“ಕಾಲು ನೋಡ್ಬೇಡಿ. ದೋಣಿ ಮೇಲೆ ನಿಂತವ ಕಾಲು ನೋಡ್ದ ಅಂದ್ರೆ ಬಿದ್ದ ಅಂತಲೇ. ದೂರ ನೋಡಿ.”

“ದೂರ ಎಂತದೂ ಇಲ್ವಲ್ಲ ಇಲ್ಲಿ... ಬರೀ ಮರಳು.”

“ಅದನ್ನೇ ನೋಡಿ” ಎಂದವನೇ ಹತ್ತಿರ ಬಂದು ನಿಂತು, ತನ್ನ ಎಡ ಭುಜ ಕೊಟ್ಟ. “ಹಿಡ್ಕೊಳ್ಳಿ.”

* * *

ಹಾಗೆ ಶುರುವಾದ ಕಲಿಕೆ ನಲವತ್ತು ದಿನ ನಡೆಯಿತು.

ನಸುಕಿಗೆ ಕಡಲಿಗೆ ಹೋಗಿ ಬಂದವನು, ದೋಣಿ ಎಳೆದು ಹಾಕಿ, ಉಪ್ಪು ಒಣಗಿದ ಮೈಯಲ್ಲೇ ಅವಳ ಪಕ್ಕ ಓಡುತ್ತಿದ್ದ. ಅವಳ ಬಲಗೈ ಅವನ ಭುಜದ ಮೇಲೆ. ಅವನ ಬಲಗೈಯಲ್ಲಿ ಅವಳ ಮೊಬೈಲು. ಗುರುದತ್ತನಿಗೆ ಬೇಕಿದ್ದದ್ದು ಹತ್ತಿರದ ಚಿತ್ರ, ಅದಕ್ಕೆ ಓಡುತ್ತಲೇ ವಿಡಿಯೋ ತೆಗೆಯುವುದೂ ಸೋಮನ ಪಾಲಿಗೇ ಬಂತು. ಗಾಲಿಯ ಗಡಸು ಮೈ ತಾಗಿ ತಾಗಿ ಅವಳ ಮೀನಖಂಡದ ಒಳಬದಿ ನೇರಳೆ ಬಣ್ಣಕ್ಕೆ ತಿರುಗಿತು. ಅವಳು ಹಲ್ಲು ಕಚ್ಚಿ ಮತ್ತೆ ಹತ್ತಿದಳು.

ಅವನದು ಮಾತು ಕಡಿಮೆ. ಅವಳು ಹತ್ತು ಮಾತಾಡಿದರೆ ಅವನದು ಒಂದು. ಆದರೆ ಅವನ ಮೌನ ಮುಚ್ಚಿದ ಬಾಗಿಲಿನಂತಿರಲಿಲ್ಲ, ಜಗುಲಿಯಂತಿತ್ತು. ಬೇಕಾದಷ್ಟು ಹೊತ್ತು ಕೂತು ಬರಬಹುದಿತ್ತು. ನಿಶ್ಚಿತಾರ್ಥ ಮುರಿದ ಕತೆಯನ್ನು ಅವಳು ಅಳದೆ ಹೇಳಿದ್ದು ಅವನೊಬ್ಬನ ಎದುರಿಗೇ.

ಕೇಳುತ್ತ ಅವನು ಬಲೆಯ ಹರಿದ ಕಣ್ಣೊಂದನ್ನು ಹೊಲಿದು ಮುಗಿಸಿದ. ಆಮೇಲೆ, “ಅವರಿಗೆ ಲಾಭ ಆಗ್ಲಿಲ್ಲ” ಎಂದ. ಅಷ್ಟೇ. ಅವಳು ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಮೂರು ಪದಗಳನ್ನು ತಿರುಗಿಸಿ ತಿರುಗಿಸಿ ನೋಡಿ ನಕ್ಕಿದ್ದಳು.

ಚಾನೆಲ್‌ನಲ್ಲಿ ಯಾರೋ ಕೇಳಿದರು: ‘ಅಕ್ಕ, ಎಲ್ಲ ವಿಡಿಯೋದಲ್ಲೂ ಒಂದು ಭುಜ ಕಾಣ್ತದಲ್ಲ, ಯಾರದು?’ ಪ್ರಣಿತಾ ಉತ್ತರ ಬರೆದಳು: ‘ಅದು ಗೋಡೆ.’

ಮರುದಿನ ಅವನು ಓಡುತ್ತ ಓಡುತ್ತ ಕೇಳಿದ, “ನಾ ಗೋಡೆಯಾ?”

“ಓದ್ತೀರಾ ನೀವು ಅದನ್ನೆಲ್ಲ!”

“ಮಾಬ್ಲ ಮಾವ ಓದಿ ಹೇಳ್ದ. ಕೇರಿಲೆಲ್ಲ ಈಗ ನಂಗೆ ಗೋಡೆ ಅಂತಲೇ ಹೆಸರು.”

ಅವಳು ಎಷ್ಟು ನಕ್ಕಳೆಂದರೆ ಇಬ್ಬರೂ ಮರಳಿಗೆ ಬಿದ್ದರು. ಏಳಿಸಲು ಹಿಡಿದ ಕೈಯನ್ನು ಅವನು ಬಿಡಲು ಸ್ವಲ್ಪ ತಡಮಾಡಿದ. ಅವಳೂ ಎಳೆದುಕೊಳ್ಳಲಿಲ್ಲ. ಅವತ್ತಿನಿಂದ ‘ನೀವು’ ಹೋಗಿ ‘ನೀನು’ ಬಂತು.

ಅವನು ಹೇಳುತ್ತಾನೆ... ಇವತ್ತಲ್ಲ ನಾಳೆ ಹೇಳಿಯೇ ಹೇಳುತ್ತಾನೆ... ಎಂದು ಅವಳು ಕಾದಳು.

ನಲವತ್ತೊಂದನೆಯ ದಿನ ಬಂತು.

“ಇವತ್ತು ಭುಜ ಬೇಡ” ಎಂದಳು ಪ್ರಣಿತಾ. “ನೀನು ಇಲ್ಲೇ ನಿಂತು ತೆಗಿ. ನಾನೊಬ್ಬಳೇ ಆ ತುದಿ ತನಕ ಹೋಗ್ತೆ.”

“ಆತು.”

“ಹೊರಟೆ!” ಎಂದು ಕೈ ಬೀಸಿ ಮುಂದೆ ಬಾಗಿದಳು. ಗಾಲಿ ಓಡಿತು. ಗಾಳಿ ಮುಖಕ್ಕೆ ಬಡಿಯಿತು. ಬೀಳಲಿಲ್ಲ! ಯಾರ ಭುಜವೂ ಇಲ್ಲ, ಆದರೂ ಬೀಳಲಿಲ್ಲ! ನೀರಿನಂಚು ಹಿಡಿದು ಬಾಗಿ ಬಾಗಿ ಹೋಗುವಾಗ ಅವಳಿಗೆ ಜೋರಾಗಿ ಅತ್ತುಬಿಡಬೇಕು ಎನ್ನಿಸುವಷ್ಟು ಸಂತೋಷವಾಗಿತ್ತು.

ಹಿಂದಿನ ದಿನದ ದೊಡ್ಡ ಉಬ್ಬರಕ್ಕೆ ಅಲ್ಲಿಯ ಸಣ್ಣ ಹಳ್ಳ ದಿಕ್ಕು ಬದಲಿಸಿ, ಮರಳನ್ನು ಎದೆಮಟ್ಟ ಕೊರೆದಿತ್ತು. ಗಾಲಿಯ ಮೇಲಿಂದ ನೋಡುವವರಿಗೆ ದಂಡೆ ಒಂದೇ ಸಮ ಕಾಣುತ್ತಿತ್ತು; ಮೇಲಿನ ಒಣ ಮರಳಿನ ದಿಬ್ಬದಲ್ಲಿ ನಿಂತವರಿಗಷ್ಟೇ ಅದರ ಅಂಚು ಕಾಣುತ್ತಿತ್ತು.

* * *

ಹೊನ್ನಾವರದ ಆಸ್ಪತ್ರೆಯಲ್ಲಿ, ಕಾಲಿನ ಎರಡು ಎಲುಬು ಕೂಡಿಸಿದ ಮರುದಿನ, ಸೋಮ ಬಾಗಿಲಲ್ಲಿ ಬಂದು ನಿಂತಿದ್ದ. ಒಳಗೆ ಬರಲಿಲ್ಲ.

ಅಷ್ಟರಲ್ಲಿ ಆ ಹತ್ತೊಂಬತ್ತು ಸೆಕೆಂಡು ಊರೆಲ್ಲ ಸುತ್ತಿ ಬಂದಿತ್ತು. ಅಕ್ಕನ ಜೀವಕ್ಕೆ ಅಪಾಯವಿಲ್ಲ ಎಂದು ತಿಳಿದ ಕೂಡಲೇ ಗುರುದತ್ತ ಅದನ್ನು ಚಾನೆಲ್‌ಗೆ ಹಾಕಿಬಿಟ್ಟಿದ್ದ.

“ಆ ಕೊರೆತ ನಿಂಗೆ ಮೊದಲೇ ಕಂಡಿತ್ತಾ?” ಎಂದು ಕೇಳಿದಳು ಪ್ರಣಿತಾ.

“ಕಂಡಿತ್ತು.”

“ನಾನು ಬೀಳುವ ಮೊದಲೇ?”

“ಹೂಂ.”

“ಮತ್ತೆ ಎಂತಕ್ಕೆ ಕೂಗ್ಲಿಲ್ಲ ನೀನು?”

ಅವನ ಬಾಯಿ ತೆರೆಯಿತು. ಮಾತು ಬರಲಿಲ್ಲ.

ಹೇಳು! ಏನಾದರೂ ಹೇಳು! ಸುಳ್ಳಾದರೂ ಪರವಾಗಿಲ್ಲ, ನಂಬುತ್ತೇನೆ! ಎಂದು ಅವಳ ಒಳಗೆಲ್ಲ ಕಿರುಚುತ್ತಿತ್ತು.

ಅವನು ತಲೆ ತಗ್ಗಿಸಿದ.

“ವಿಡಿಯೋ ಚೆಂದ ಬಂದಿದೆ” ಎಂದಳು ಅವಳು. “ಹೋಗು.”

ಅವನು ಹೋದ. ಆಮೇಲೆ ಬರಲಿಲ್ಲ. ಮರಳು ತುಂಬಿ ಕೆಟ್ಟುಹೋದ ಗಾಲಿಯನ್ನೂ ಅವಳು ಕೇಳಲಿಲ್ಲ. ಅದು ಅವನ ಬಳಿಯೇ ಉಳಿಯಿತು.

ದಿನಗಳು ಉರುಳಿದವು. ಅಪ್ಪ ವೆಂಕಟ್ರಮಣ ದಿನವೂ ಬೆಳಿಗ್ಗೆ ಅವಳ ತಲೆ ಬಾಚಿ ಜಡೆ ಹಾಕಿ ಅಂಗಡಿಗೆ ಹೋಗುತ್ತಿದ್ದರು. ಅಮ್ಮ ಹೋದ ಮೇಲೆ ಕಲಿತ ಜಡೆ ಅದು, ಯಾವಾಗಲೂ ಒಂದು ಬದಿಗೆ ವಾಲುತ್ತಿತ್ತು. ಒಂದು ದಿನ ಬಾಚುತ್ತ ಬಾಚುತ್ತ, “ಆ ಹುಡುಗನನ್ನ ನಾನು ನೋಡಿದೆ ಮಗಾ, ಆಸ್ಪತ್ರೆ ಮೆಟ್ಟಿಲ ಮೇಲೆ” ಎಂದರು. “ಒಳಗೆ ನಿನ್ನ ಆಪರೇಷನ್ ಮುಗಿಯೂವರೆಗೂ ಅವ ಕೂತಿದ್ದ. ಕಾಲಲ್ಲಿ ಚಪ್ಪಲ್ಲೂ ಇರ್ಲಿಲ್ಲ.”

ಅವಳು ಕನ್ನಡಿಯಲ್ಲಿ ವಾಲಿದ ಜಡೆಯನ್ನೇ ನೋಡಿದಳು.

* * *

ಪ್ಲಾಸ್ಟರ್ ಬಿಚ್ಚಿ, ಕೋಲು ಹಿಡಿದು ನಾಲ್ಕು ಹೆಜ್ಜೆ ನಡೆಯುವಂತಾದಾಗ ಅವಳು ನಿರ್ಧರಿಸಿದಳು. ಸಾಕು. ಚಾನೆಲ್ ಮುಚ್ಚಬೇಕು. ತೆಗೆದದ್ದನ್ನೆಲ್ಲ ಅಳಿಸಬೇಕು. ಆ ಭುಜ, ಆ ನಗು, ಆ ದಂಡೆ... ಒಂದೂ ಉಳಿಯಬಾರದು.

“ನಾನೇ ಅಳಿಸ್ತೆ” ಎಂದು ಗುರುದತ್ತನ ಲ್ಯಾಪ್‌ಟಾಪ್ ತೆಗೆದುಕೊಂಡಳು.

ಒಂದೊಂದಾಗಿ ಅಳಿಸುತ್ತ ಬಂದಳು. ಕೊನೆಯ ದಿನದ್ದು ಸಿಕ್ಕಿತು. ಬೆರಳು ನಿಂತಿತು. ಅದರ ಉದ್ದ ಹತ್ತೊಂಬತ್ತು ಸೆಕೆಂಡು ಇರಲಿಲ್ಲ. ಆರು ನಿಮಿಷ ಇತ್ತು!

“ಗುರು, ಇದೆಂತ?”

“ಅದಾ? ಪೂರ್ತಿ ತೆಗೆದದ್ದು ಅಕ್ಕ. ನಡುವೆ ಬರೀ ಅಲುಗಾಡೂದು, ಕೊನೆಗೆ ಬರೀ ಆಕಾಶ. ಅದ್ಕೆ ಮೊದಲಿಂದು, ಬೀಳೂದು, ಎರಡು ಮಾತ್ರ ಇಟ್ಟು, ಅಲುಗಾಡೂದು ಕಾಣದ ಹಾಗೆ ಮಾಡಿ, ಮೇಲೆ ಅಲೆ ಸದ್ದು ಹಾಕಿ ಜೋಡ್ಸಿದೆ.”

ಅವಳು ಅದನ್ನು ಒತ್ತಿದಳು.

ಹಳದಿ ಕುರ್ತಾದ ಹುಡುಗಿ ದೂರ ಹೋಗುತ್ತಿದ್ದಾಳೆ. ಚಿತ್ರ ನಿಶ್ಚಲ. ಹದಿನೇಳು ಸೆಕೆಂಡು ಕಳೆಯಿತು. ಆಮೇಲೆ ಒಮ್ಮೆಗೇ ದಂಡೆ ಅಡಿಮೇಲಾಯಿತು.

ಅವನು ಓಡತೊಡಗಿದ್ದ.

ಮರಳು, ಆಕಾಶ, ಅವನ ಬರಿಗಾಲು, ತಲೆಕೆಳಗಾದ ಕಡಲು, ಮತ್ತೆ ಮರಳು... ಸೀಳಿ ಬರುವ ಉಸಿರು. ನೀರಿನಂಚು ಹಿಡಿದು ಅವಳು ಬಾಗಿ ಹೋಗುತ್ತಿದ್ದರೆ, ಅವನು ಅವಳ ಹಿಂದೆ ಓಡುತ್ತಿರಲಿಲ್ಲ. ಕಾಲು ಹುಗಿಯುವ ಒಣ ಮರಳಿನಲ್ಲಿ ಅಡ್ಡ ಓಡುತ್ತಿದ್ದ. ಚಿತ್ರದ ಮೂಲೆಯಲ್ಲಿ ಅವಳು ಮೊದಲು ಬೆನ್ನು ತೋರಿಸಿದಳು, ಆಮೇಲೆ ಪಕ್ಕದಿಂದ ಕಂಡಳು, ಆಮೇಲೆ... ಆಮೇಲೆ ಅವಳ ಮುಖ ಅರ್ಧ ಕಂಡಿತು! ಇನ್ನು ಹತ್ತು ಹೆಜ್ಜೆ ಇದ್ದಿದ್ದರೆ ಅವನು ಅವಳ ಎದುರಿಗೆ ಬರುತ್ತಿದ್ದ.

ಅವಳು ಬಿದ್ದಳು.

ಮೊಬೈಲೂ ಬಿತ್ತು. ಆಮೇಲೆ ಐದು ನಿಮಿಷ ಬರೀ ಆಕಾಶ. ಆ ಖಾಲಿ ಆಕಾಶದ ತುಂಬ ಒಂದೇ ದನಿ.

“ಪ್ರಣಿತಾ... ಪ್ರಣಿತಾ... ಪ್ರಣಿತಾ...”

ಅವಳು ಬಾಯಿಗೆ ದುಪ್ಪಟ್ಟಾ ಒತ್ತಿಕೊಂಡಳು. ಇಷ್ಟು ಸಲ ಕರೆಯಲು ಬರುವವನಿಗೆ, ಮೊದಲು ಒಂದೇ ಒಂದು ಸಲ ಕರೆಯಲು ಯಾಕೆ ಬರಲಿಲ್ಲ? ಕೂಗುವ ಬದಲು ಯಾಕೆ ಓಡಿದ? ಎದುರಿಗೇ ಬರಬೇಕೆಂದು ಯಾಕೆ?

* * *

ಸೋಮನ ತಾಯಿ ದೇವಿ ಕುಮಟಾದ ಮೀನುಪೇಟೆಯಲ್ಲಿ ಕೂರುತ್ತಾಳೆಂದು ಅವಳಿಗೆ ಗೊತ್ತಿತ್ತು. ಕೋಲೂರಿಕೊಂಡು ಹೋಗಿ ಬುಟ್ಟಿಯ ಮುಂದೆ ನಿಂತಳು.

“ಬಂಗಡೆ ಅದೆ, ತಾಜಾ ಬಳಚು ಚಿಪ್ಪಿ ಅದೆ, ಅಘನಾಶಿನಿ ಹೊಳೆದು. ಎಂತ ಬೇಕು?” ಎಂದ ದೇವಿ ತಲೆಯೆತ್ತಿ, ಮೊದಲು ಕೋಲು ನೋಡಿದಳು, ಆಮೇಲೆ ಮುಖ ನೋಡಿದಳು. ಕೈಯಲ್ಲಿದ್ದ ಬಂಗಡೆ ಬುಟ್ಟಿಗೆ ಜಾರಿತು. “ನೀ ಗಾಲಿ ಹುಡುಗಿ ಅಲ್ದಾ?”

“ಹೌದು ದೇವಕ್ಕ. ಒಂದು ಮಾತು ಕೇಳಬೇಕಿತ್ತು. ಸೋಮ ಆ ದಿನ ನಂಗೆ ಎಂತಕ್ಕೆ ಕೂಗಿ ಹೇಳ್ಲಿಲ್ಲ?”

ದೇವಿ ಪಕ್ಕದ ಮಣೆಯನ್ನು ಒರೆಸಿ ಅವಳನ್ನು ಕೂರಿಸಿದಳು.

“ನೀ ಹೊರಟೆ ಅಂತ ಹೇಳಿ ಹೊರಟಿದ್ಯಾ?”

“ಹೂಂ. ‘ಹೊರಟೆ’ ಅಂದಿದ್ದೆ.”

“ಮತ್ತೆ ಹೆಂಗೆ ಕರೀತಾನೆ ತಂಗಿ? ಹೊರಟವರನ್ನ ನಮ್ಮಲ್ಲಿ ಹಿಂದಿಂದ ಕರೆಯೂದಿಲ್ಲ. ಗಂಡಸು ಬುತ್ತಿ ಮರೆತು ಕಡಲಿಗೆ ಹೊರಟ್ರೂ, ಓಡಿ ಹೋಗಿ ಎದುರಿಗೆ ನಿಂತು ಕೊಡೂದೇ ಸೈ. ಹಿಂದಿಂದ ಹೆಸರು ಹಿಡೀಬಾರದು.”

“ನಮ್ಮನೆಲೂ ಅಜ್ಜಿ ಹಾಗೆ ಹೇಳ್ತಿದ್ರು... ಆದ್ರೆ ಜೀವ ಹೋಗೂ ಹೊತ್ತಿಗೂ...”

“ನಿಮಗೆ ಅದು ಅಜ್ಜಿ ಮಾತು. ನಮ್ಮನೆಲಿ ಜೀವ ಹೋಗಿ ಆಗದೆ” ಎಂದಳು ದೇವಿ. ದನಿ ತಗ್ಗಿತು. “ಇವನ ಅಪ್ಪ ಕಡೇ ಸಲ ಕಡಲಿಗೆ ಹೋದ ದಿನ, ದಂಡೆಯಿಂದ ಯಾರೋ ಹಿಂದಿಂದ ಕರೆದ್ರು. ಅವ ತಿರುಗಿ ನೋಡಿದ್ದನ್ನ ನಮ್ಮಣ್ಣ ಮಾಬ್ಲ ತನ್ನ ದೋಣಿಯಿಂದ ಕಂಡಿದ್ದ. ಅಲೆ ಸದ್ದಿಗೆ ಕರೆದವರು ಯಾರು ಅಂತ ಕೇಳ್ಲಿಲ್ಲ. ಸಂಜೆಗೆ ದೋಣಿ ಬಂತು. ಅವ ಬರ್ಲಿಲ್ಲ.”

“ಯಾರು ಕರೆದದ್ದು?”

“ಮತ್ಯಾರು? ಪಕ್ಕದ್ಮನೆ ಹಮ್ಮ. ಆ ಹೊತ್ತಿಗೆ ದಂಡೆಲಿ ಇದ್ದವ ಅವನೊಬ್ಬನೇ. ನಾ ಕರೀಲಿಲ್ಲ ಅಂತ ದೇವರ ಮೇಲೆ ಆಣೆ ಹಾಕ್ದ, ಸುಳ್ಳ! ಇಪ್ಪತ್ತೆರಡು ವರ್ಷ ಆತು ನಾ ಅವನ ಮನೆ ಮೆಟ್ಟಿಲು ತುಳಿಯದೆ. ಸೋಮಂಗೆ ಆಗ ಎಂಟು ವರ್ಷ. ಆ ದಿನದಿಂದ ಅವ ಯಾರನ್ನೂ ಹಿಂದಿಂದ ಕರೆದವ ಅಲ್ಲ. ಶಾಲೆಲಿ ಮಾಸ್ತರು ಹೊಡೆದ್ರೂ ಕರೀಲಿಲ್ಲ.”

ಅವಳು ಸೆರಗಿನಿಂದ ಕಣ್ಣೊತ್ತಿಕೊಂಡು, ಪಕ್ಕದ ಗಿರಾಕಿಗೆ ಗದರಿದಳು: “ಎಂತ ನೋಡ್ತೆ? ಬಂಗಡೆ ಬೇಕಾದ್ರೆ ತಕಾ, ಇಲ್ದಿದ್ರೆ ಮುಂದೆ ಹೋಗು!”

ಪ್ರಣಿತಾ ಕೋಲು ಹಿಡಿದೆದ್ದಳು. ‘ವಿಡಿಯೋ ಚೆಂದ ಬಂದಿದೆ’ ಎಂದು ತಾನು ಅಂದದ್ದು ಅವಳ ಕಿವಿಯಲ್ಲೇ ಮತ್ತೆ ಕೇಳಿಸಿತು. ಅಯ್ಯೋ, ಎಂಥ ಮಾತು ಆಡಿಬಿಟ್ಟೆ!

* * *

ಮಾರನೆಯ ಬೆಳಿಗ್ಗೆ ಅವಳು ಧಾರೇಶ್ವರಕ್ಕೆ ಬಂದಾಗ ನೀರು ಇಳಿದಿತ್ತು. ಮಾಬ್ಲ ಒಬ್ಬನೇ ಕೂತು ಬಲೆ ಬಿಡಿಸುತ್ತಿದ್ದ.

“ಬಂದ್ಯಾ ಮಾರಾಯ್ತಿ! ನಿನ್ನ ಗಾಲಿ ತಕಂಡು ಹೋಗು ಮೊದಲು. ನಮ್ಮ ಗೋಡೆ ಬಿದ್ದು ಬಿದ್ದು ಸುಣ್ಣ ಎಲ್ಲ ಉದುರಿ ಹೋತು!”

“ಎಂತ ಮಾಬ್ಲ ಮಾವ?”

“ಬಸ್ಸಲ್ಲಿ ಹೊತ್ಕಂಡು ಮೂರು ಸಲ ಭಟ್ಕಳಕ್ಕೆ ಹೋಗಿ ರಿಪೇರಿ ಮಾಡಿಸ್ಕಂಡು ಬಂದ. ಈಗ ದಿನಾ ಅದರ ಮೇಲೆ ಹತ್ತೂದು, ಬೀಳೂದು. ಎಂತಕ್ಕೆ ಹೇಳೋ ಅಂತ ಕೇಳ್ದೆ. ‘ಮೇಲೆ ನಿಂತವರಿಗೆ ಕೊರೆತ ಕಾಣ್ತದಾ ಇಲ್ವಾ ನೋಡ್ಬೇಕು’ ಅಂತಾನೆ. ಹುಚ್ಚ!”

ಮಾಬ್ಲ ತೋರಿಸಿದ ಕಡೆ ನೋಡಿದಳು. ದೂರದಲ್ಲಿ, ಅವಳಿಗೆ ಬೆನ್ನು ಹಾಕಿ, ಸೋಮ ಗಾಲಿಯ ಮೇಲೆ ನಿಂತು ಹೋಗುತ್ತಿದ್ದ. ಕೈಗಳು ಕೊಕ್ಕರೆಯ ರೆಕ್ಕೆಯಂತೆ ಹರಡಿದ್ದವು.

ಸೋಮಾ! ಎಂಬುದು ಅವಳ ನಾಲಗೆಯ ತುದಿಯವರೆಗೆ ಬಂತು. ನುಂಗಿಕೊಂಡಳು. ಕೋಲಿನ ಮೇಲೆ ಭಾರ ಹಾಕಿ ನಿಂತು ಕಾದಳು.

ಅವನು ದೂರ ಹೋಗಿ ಇಳಿದ. ಗಾಲಿಯನ್ನು ಎರಡು ಕೈಯಲ್ಲಿ ಎತ್ತಿ ತಿರುಗಿಸಿ ಇಟ್ಟು ಮತ್ತೆ ಹತ್ತಿದ. ನೆಟ್ಟಗೆ ಬರುತ್ತಿದ್ದವನು ಅವಳನ್ನು ಕಂಡು, ಇನ್ನೂ ಇಪ್ಪತ್ತು ಹೆಜ್ಜೆ ಇರುವಾಗಲೇ ಧೊಪ್ಪನೆ ಬಿದ್ದ. ಎದ್ದು, ಮರಳನ್ನೂ ಕೊಡವದೆ ಬಂದು ನಿಂತ. ಎರಡೂ ಮೊಣಕೈ ಕಿತ್ತುಹೋಗಿದ್ದವು. ಮೊದಲಿಗಿಂತ ಬಡವಾಗಿದ್ದ.

“ತಿರುಗಿಸೂಕೆ ಬರೂದಿಲ್ವಾ?” ಎಂದಳು, ಅಳುವನ್ನು ತಡೆದು.

“ಇನ್ನೂ ಇಲ್ಲ. ನೆಟ್ಟಗೆ ಹೋಗೂಕೆ ಮಾತ್ರ ಬತ್ತದೆ.”

“ಮೇಲೆ ನಿಂತ್ರೆ ಕೊರೆತ ಕಾಣ್ತದಾ?”

ಅವನ ಮುಖ ಕಪ್ಪಿಟ್ಟಿತು. “ಕಾಣೂದಿಲ್ಲ” ಎಂದ. “ಹತ್ತಿರ ಬರೂವರೆಗೂ ಕಾಣೂದಿಲ್ಲ. ನಾ ಕೂಗಬೇಕಿತ್ತು. ಬಾಯಿ ತೆರೆದೆ ಪ್ರಣಿತಾ... ದನಿ ಬರ್ಲಿಲ್ಲ.”

“ಗೊತ್ತು. ನೀ ಓಡಿದ್ದು ನೋಡಿದೆ. ಪೂರ್ತಿ ನೋಡಿದೆ. ದೇವಕ್ಕನೂ ಹೇಳಿದ್ರು.”

ಅವನು ಬೆಚ್ಚಿದ. “ಎಂತ ಹೇಳ್ತು ಅಮ್ಮ?”

“ಎಲ್ಲ. ನಿನ್ನ ಅಪ್ಪಂದು... ಹಮ್ಮ ಕರೆದದ್ದು...”

ಅವನು ಕಡಲಿನ ಕಡೆ ತಿರುಗಿದ. ಅವಳಿಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಒಮ್ಮೆ ನಡುಗಿದಂತಾಯಿತು.

“ನಾನು ಆ ದಿನ ಹಾಗೆ ಅನ್ನಬಾರದಿತ್ತು ಸೋಮ. ನಾನು... ನಿನ್ನನ್ನ ನಂಬಲಿಲ್ಲ. ತಪ್ಪಾತು.”

“ನಿಂದಲ್ಲ ತಪ್ಪು” ಎಂದ ಅವನು, ಕಡಲಿಗೇ ಹೇಳಿದಂತೆ. ಮತ್ತೆ ಮೆಲ್ಲಗೆ, “ಪ್ರಣಿತಾ, ಒಂದು ಮಾತು...”

ಅವಳು ಕೋಲೂರುತ್ತ, ಒದ್ದೆ ಮರಳಿನಲ್ಲಿ ಒಂದೊಂದೇ ಹೆಜ್ಜೆ ಇಟ್ಟು ಅವನನ್ನು ಬಳಸಿ ಬಂದು ಎದುರಿಗೆ ನಿಂತಳು. ಅವನ ಕಣ್ಣು ತುಂಬಿತ್ತು.

“ಈಗ ಹೇಳು. ಎದುರಿಗೇ ಇದ್ದೇನೆ.”

ಅವನ ತುಟಿ ಅಲುಗಿತು. ಏನೋ ಒಂದು ತುಟಿಯವರೆಗೆ ಬಂದು ಹಿಂದಕ್ಕೆ ಹೋಯಿತು. ಅದರ ಜಾಗದಲ್ಲಿ ಬೇರೆ ಮಾತು ಬಂತು.

“ನೀ ಇಲ್ದೆ ಈ ಎರಡು ತಿಂಗಳು... ನಂಗೆ ದಂಡೆ ಬೇಡಾತು. ಕಡಲೂ ಬೇಡಾತು. ನಂಗೆ ನೀ ಬೇಕು ಪ್ರಣಿತಾ.”

ಎಷ್ಟು ದಿನದಿಂದ ಕಾದಿದ್ದ ಮಾತು! ಅವಳು ಕೋಲನ್ನು ಬಿಟ್ಟಳು. ಅದು ಮರಳಿಗೆ ಬಿತ್ತು. ಎರಡೂ ಕೈಯನ್ನು ಅವನ ಭುಜದ ಮೇಲಿಟ್ಟು, ಹಣೆಯನ್ನು ಅವನ ಎದೆಗಿಟ್ಟು ಅತ್ತಳು. ಅವನು ಅವಳ ತಲೆಯ ಮೇಲೆ ಗಲ್ಲವಿಟ್ಟು ನಿಂತ. ಅವನೂ ಅಳುತ್ತಿದ್ದ. ಆ ಅಳು ತನಗಾಗಿ ಎಂದು ಅವಳು ತಿಳಿದಳು.

“ಒಂದು ಕೇಳ್ಲಾ?” ಎಂದಳು ಬಹಳ ಹೊತ್ತಿನ ಮೇಲೆ. “ಹಮ್ಮನ ಮೇಲೆ ನಿಂಗೆ ಸಿಟ್ಟು ಬರೂದಿಲ್ವಾ?”

“ಇಲ್ಲ.”

“ಒಂದು ಚೂರೂ?”

“ಹಮ್ಮಣ್ಣಂದು ಏನೂ ತಪ್ಪಿಲ್ಲ. ಪಾಪದವ.”

ಅವಳು ತಲೆಯೆತ್ತಿ ಅವನನ್ನೇ ನೋಡಿದಳು. ತನ್ನ ಅಪ್ಪನ ಸಾವಿಗೆ ಕಾರಣನಾದವನನ್ನೂ ಕ್ಷಮಿಸುವ ಮನಸ್ಸು! ಇಂಥವನನ್ನು ತಾನು ಅನುಮಾನಿಸಿದೆನಲ್ಲ...

“ನಿನ್ನಷ್ಟು ಒಳ್ಳೆಯವರು ಯಾರೂ ಇಲ್ಲ ಸೋಮ.”

“ಹಾಗೆ ಹೇಳ್ಬೇಡ.”

“ಹೇಳುವವಳೇ. ದಿನಾ ಹೇಳ್ತೆ.”

“ಬಿಸಿಲೇರ್ತು” ಎಂದು ಅವನು ಬಗ್ಗಿ ಅವಳ ಕೋಲನ್ನೆತ್ತಿ, ಮರಳು ಒರೆಸಿ ಕೈಗೆ ಕೊಟ್ಟ. “ಬಾ. ನಿಧಾನಕ್ಕೆ ಕಾಲಿಡು.”

ಇಪ್ಪತ್ತೆರಡು ವರ್ಷದ ಹಿಂದೆ ಒಂದು ಬೆಳಿಗ್ಗೆ, ಬರುವಾಗ ಮಿಠಾಯಿ ತರಬೇಕೆಂದು ನೆನಪಿಸಲು ಇದೇ ದಂಡೆಗೆ ಓಡಿಬಂದು, ದೋಣಿ ಹತ್ತಲು ಹೊರಟಿದ್ದ ಅಪ್ಪನನ್ನು ಹಿಂದಿನಿಂದ ಕರೆದವನು ಹಮ್ಮನಲ್ಲ, ತಾನು ಎಂಬುದನ್ನು ಸೋಮ ಅವಳಿಗೆ ಹೇಳಲಿಲ್ಲ.